ಮೂರನೆಯ ಪಾಠದಲ್ಲಿ ಅನುತ್ತೀರ್ಣ

ಗಂಡಂದಿರು ಹೆಂಡತಿಯ ಮಾತನ್ನು ಪೂರ್ತಿ ಕೇಳುವುದಿಲ್ಲ ಎಂಬ ದೂರು ಎಲ್ಲ ಮನೆಗಳಲ್ಲೂ ಇರುತ್ತದೆ. ನಮ್ಮ ಮನೆಯಲ್ಲಿ ಅದು ಇಪ್ಪತ್ತಾರು ವರ್ಷ ಇತ್ತು. ಈಗ ದೂರುವವಳಿಲ್ಲ, ನಾನೋ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳ ಒಂದೇ ಮಾತನ್ನು ನಾಲ್ಕು ಸಲ ಕೇಳುತ್ತೇನೆ.

ಸುಮಂಗಲಾ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಡಕೊಳದ ಕಾರ್ಖಾನೆಯೊಂದರ ಸ್ಟೋರಿಗೆ ಸೇರಿದವನು. ಪಾಠಗಳನ್ನು ಆನ್‌ಲೈನಿಗೂ ಹಾಕಬೇಕೆಂದು ಕಾಲೇಜಿನವರು ಹೇಳಿದಾಗ, ಅವಳು ಬಿ.ಎಸ್ಸಿ. ಮೊದಲ ವರ್ಷದವರಿಗೆ ಹನ್ನೆರಡು ವಿಡಿಯೊ ಮಾಡಿದಳು, ರಾಮಕೃಷ್ಣನಗರದ ನಮ್ಮ ಮನೆಯ ಹಾಲಿನಲ್ಲೇ. ಮೊಬೈಲ್ ಹಿಡಿಯುವ ಕೆಲಸ ನನ್ನದು. ಪಾಠ ಕೇಳುವುದು ನನ್ನ ಕೆಲಸವಲ್ಲವಾದ್ದರಿಂದ ಕೇಳಲಿಲ್ಲ. ಎರಡನೆಯ ಪಾಠದಲ್ಲಿ ಅವಳು ಆಮ್ಲದ ಬಗ್ಗೆ ಹೇಳುತ್ತಿರುವಾಗ ಹಿಂದೆ ಕುಕ್ಕರ್ ಮೂರು ಸಲ ಕೂಗುತ್ತದೆ. ಆ ಬೇಳೆ ಇಟ್ಟವನು ನಾನು. “ಹುಡುಗ್ರು ಏನಂದ್ಕೋತಾರೋ, ಅಷ್ಟೂ ಗೊತ್ತಾಗಲ್ವೇನ್ರೀ?” ಎಂದು ಬೈಸಿಕೊಂಡಿದ್ದೆ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಆಮೇಲೆ ಮೂಲ ವಿಡಿಯೊಗಳನ್ನೆಲ್ಲ ಅಳಿಸಿದವನೂ ನಾನೇ. ವಿದ್ಯಾರ್ಥಿಗಳಿಗೆ ಹೇಗೆ ಕಾಣುತ್ತದೆಂದು ನೋಡಲು ಅವಳು ನನ್ನ ಹೆಸರನ್ನೂ ಆನ್‌ಲೈನ್ ತರಗತಿಗೆ ಸೇರಿಸಿದ್ದಳು. ಅವಳು ಹೋದಮೇಲೆ ನನಗೆ ಉಳಿದದ್ದು ಆ ಒಂದು ದಾರಿ.

ದಾರಿಯಲ್ಲಿ ಬಾಗಿಲುಗಳಿದ್ದವು. ಪ್ರತಿ ಪಾಠದ ಕೊನೆಗೆ ಐದು ಪ್ರಶ್ನೆ. ನಾಲ್ಕಾದರೂ ಸರಿಯಾಗದಿದ್ದರೆ ಮುಂದಿನ ಪಾಠ ತೆರೆಯುವುದಿಲ್ಲ. ಈ ಏರ್ಪಾಡು ಅವಳದೇ. ಮೊದಲೆರಡನ್ನು ಹೇಗೋ ದಾಟಿದೆ. ಮೂರನೆಯದು ಟೈಟ್ರೇಷನ್. ಕೆಳಗಿನ ಫ್ಲಾಸ್ಕಿನಲ್ಲಿ ಪ್ರತ್ಯಾಮ್ಲ, ಅದರೊಳಗೆ ಬಣ್ಣ ತೋರಿಸುವ ಎರಡು ಹನಿ ಔಷಧ. ಮೇಲಿನಿಂದ ಆಮ್ಲ ಬಿಟ್ಟರೆ ಕೊನೆಗೆ ಗುಲಾಬಿ ಬಣ್ಣ ಬರುತ್ತದೆಯೋ, ಹೋಗುತ್ತದೆಯೋ? ಬರುತ್ತದೆಂದೇ ನನ್ನ ಹಟ. ಉಳಿದ ಪ್ರಶ್ನೆಗಳಲ್ಲೂ ನಾನೇನು ಜಾಣನಲ್ಲ. ಒಂಬತ್ತು ಪಾಠ, ಅಂದರೆ ಅವಳ ಒಂಬತ್ತು ಗಂಟೆಯ ಮಾತು, ಆಚೆಗೇ ಉಳಿಯಿತು.

ಮೂರನೆಯ ಸಲ ತಪ್ಪಿದಾಗ ಒಂದು ಮೇಲ್ ಬಂತು. “ಬೇಸರ ಬೇಡ. ಸಂಕೋಚಪಡದೆ ಸ್ಟಾಫ್ ರೂಮಿಗೆ ಬಂದು ನನ್ನನ್ನು ಕಾಣಿ. ಸುಮಂಗಲಾ.” ಮೂರು ಸಲ ತಪ್ಪಿದವರಿಗೆಲ್ಲ ತಾನಾಗಿ ಹೋಗಲೆಂದು ಅವಳು ಮೊದಲೇ ಬರೆದಿಟ್ಟದ್ದು ಎಂಬುದು ನನಗೂ ಅರ್ಥವಾಯಿತು. ಅರ್ಥವಾದಮೇಲೂ ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ.

ಅವಳ ಕುರ್ಚಿಯಲ್ಲಿ ಅವಳದೇ ಹಳೆಯ ವಿದ್ಯಾರ್ಥಿನಿ ನಂದಿನಿ ಕೂತಿದ್ದಳು. ಗಾಬರಿಯಿಂದ ಎದ್ದು, “ಬನ್ನಿ ಸರ್, ಪೆನ್ಷನ್ ಪೇಪರ್‌ಗೆ ಸೈನ್ ಆಗ್ಬೇಕಿತ್ತಾ?” ಎಂದಳು.

“ಇಲ್ಲ ಕಣಮ್ಮ. ಮೂರನೇ ಪಾಠದಲ್ಲಿ ಫೇಲಾಗ್ಬುಟ್ಟಿದೀನಿ. ಬಂದು ಕಾಣಿ ಅಂತ ಮೇಲ್ ಬಂದಿತ್ತು.”

ಅವಳು ಮೇಲನ್ನು ಓದಿ, ಮೊಬೈಲನ್ನು ನನಗೆ ವಾಪಸು ಕೊಟ್ಟಳು. ಆಮೇಲೆ, “ಫೇಲ್ ಲಿಸ್ಟಲ್ಲಿರೋದು ನೀವೇನಾ ಸರ್? ಯಾವ ಸೆಕ್ಷನ್ ಹುಡುಗ ಅಂತ ಹುಡುಕ್ತಾನೇ ಇದ್ವಿ” ಎಂದಳು. “ಎಲ್ಲಾ ಪಾಠನೂ ಒಟ್ಟಿಗೆ ಓಪನ್ ಮಾಡ್ಕೊಡ್ಲಾ? ಒಂದು ನಿಮಿಷದ ಕೆಲಸ.”

“ಬೇಡಮ್ಮ. ನಿಮ್ಮ ಮೇಡಂಗೆ ಗೊತ್ತಾದ್ರೆ ಬೈತಾರೆ.”

ನಂದಿನಿ ನನ್ನನ್ನು ಲ್ಯಾಬಿಗೆ ಕರೆದೊಯ್ದು, ಹನಿಹನಿಯಾಗಿ ಆಮ್ಲ ಬಿಟ್ಟು ತೋರಿಸಿದಳು. “ಹೋಗುತ್ತೆ ಸರ್, ನೋಡಿ.” ಹೋಯಿತು. ಇಬ್ಬರೂ ಬರಿಯ ನೀರಿನಂತಾದ ಫ್ಲಾಸ್ಕನ್ನು ನೋಡುತ್ತ ನಿಂತೆವು.

ಮನೆಗೆ ಬಂದು ಪಾಸಾದೆ. ನಾಲ್ಕನೆಯ ಪಾಠ ತೆರೆಯಿತು. ಅದರ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ತಪ್ಪಿದ್ದೇನೆ, ಮೇಲ್ ಬರಲು ಇನ್ನೊಂದೇ ಸಲ ಬಾಕಿ. ಮೊದಲನೆಯದು ನನ್ನ ದಡ್ಡತನ. ಎರಡನೆಯ ಸಲ ಐದಕ್ಕೆ ಐದೂ ಉತ್ತರ ಗೊತ್ತಿತ್ತು.