ಬ್ರೇಕಿಗೊಂದು ಅರಿಶಿನ ಶಾಸ್ತ್ರ

ನನ್ನ ಭಾಮೈದ ದಿಲೀಪನನ್ನು ಸ್ಪೋರ್ಟ್ಸ್ ಕಾರಿನಲ್ಲೇ ಮದುವೆ ಚಪ್ಪರಕ್ಕೆ ತಂದು ಇಳಿಸುತ್ತೇನೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ್ದು ೧೯೯೪ರಲ್ಲಿ. ಇಡೀ ಚಾಮರಾಜನಗರದಲ್ಲಿ ಸ್ಪೋರ್ಟ್ಸ್ ಕಾರು ಅಂತ ಓಡುತ್ತಿದ್ದದ್ದು ನನ್ನದೊಂದೇ! ಎರಡೇ ಸೀಟು, ಮಡಚುವ ಟಾಪು, ಊಟಿಯ ಎಸ್ಟೇಟಿನ ದೊರೆಯೊಬ್ಬ ಬಿಟ್ಟುಹೋದದ್ದು. ಓಡುವುದರಲ್ಲಿ ಅದನ್ನು ಮೀರಿಸುವವರಿಲ್ಲ. ನಿಲ್ಲುವುದರಲ್ಲಿ ಮಾತ್ರ ಸ್ವಲ್ಪ ಸೋಮಾರಿ. ಚಕ್ರದೊಳಗಿನ ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಸವೆದು ಹಪ್ಪಳವಾಗಿತ್ತು, ಹೊಸದು ಮೈಸೂರಿನಲ್ಲೂ ಸಿಗಲಿಲ್ಲ.

ಚಂದಕವಾಡಿಯ ಅರಿಶಿನ ವ್ಯಾಪಾರಿಯೊಬ್ಬರ ಕೊಟ್ಟಿಗೆಯಲ್ಲಿ ಅದೇ ಕಂಪನಿಯ, ಎರಡು ವರ್ಷ ಆಮೇಲಿನ ಮಾಡೆಲ್ ಇತ್ತು. ಅದು ಓಡುವುದು ಬಿಟ್ಟು ಯಾವ ಕಾಲವಾಯಿತೋ, ಸೀಟಿನ ತುಂಬ ಅರಿಶಿನದ ಕೊಂಬು ತುಂಬಿಕೊಂಡು ಕೂತಿತ್ತು. ಅವರ ಕೈಕಾಲು ಹಿಡಿದು, ಅದರ ಶೂಗಳನ್ನು ಬಿಚ್ಚಿಸಿ ತಂದೆ.

ಅವನ್ನು ಕೂರಿಸಿದ ಮೆಕ್ಯಾನಿಕ್ ರಾಜಣ್ಣ ರಾಗ ಎಳೆದ. "ಸಾ, ಅದು ಬ್ಯಾರೆ ಮಾಡ್ಲು, ಇದು ಬ್ಯಾರೆ ಮಾಡ್ಲು. ಕಣ್ಗೆ ಒಂದೇ ತರ ಕಾಣ್ತವೆ, ಅಷ್ಟೆ. ಡ್ರಮ್ ಒಳಗೆ ಸೀಮೆಸುಣ್ಣ ಬಳುದು ಬ್ರೇಕ್ ತುಳುದ್ರೆ, ಎಲ್ಲೆಲ್ಲಿ ತಾಕ್ತದೆ ಅಂತ ಶೂ ಮ್ಯಾಲೆ ಗುರುತು ಬೀಳ್ತದೆ. ಉಂಡ್ಬುಟ್ಟು ಬತ್ತೀನಿ, ಅಲ್ಲೀಗಂಟ ಮುಟ್ಬ್ಯಾಡಿ."

"ನೋಡೋದೇನಯ್ಯ? ಎರಡೂ ಒಂದೇ!"

ಮುಟ್ಟಬೇಡಿ ಅಂದರೆ ಸುಮ್ಮನಿರಲು ನಾನೇನು ಕಲ್ಲೇ? ಮದುವೆ ಗಡಿಬಿಡಿಯಲ್ಲಿ ಸೀಮೆಸುಣ್ಣ ಹುಡುಕುವವರು ಯಾರು? ಜಗುಲಿಯ ಮೇಲೆ, ಮದುಮಗನಿಗೆ ಹಚ್ಚಲೆಂದು ನನ್ನ ಹೆಂಡತಿ ಪುಟ್ಟಮಲ್ಲಮ್ಮ ಬಟ್ಟಲ ತುಂಬ ಅರಿಶಿನ ಕಲಸಿಟ್ಟಿದ್ದಳು. ಗುರುತೂ ಬೀಳುತ್ತದೆ, ಮಂಗಳವೂ ಆಗುತ್ತದೆ! ನಾಲ್ಕು ಡ್ರಮ್ಮಿಗೂ ಧಾರಾಳವಾಗಿ ಬಳಿದು, ಬ್ರೇಕ್ ತುಳಿದು, ಬಿಚ್ಚಿ ನೋಡಿದೆ. ಆಹಾ! ಶೂ ಅಂಚಿನಿಂದ ಅಂಚಿಗೆ ಹಳದಿ! ಒರೆಸುವ ಗೋಜಿಗೂ ಹೋಗದೆ ಮುಚ್ಚಿಬಿಟ್ಟೆ. ಉಂಡು ಬಂದ ರಾಜಣ್ಣನಿಗೆ ಗುರುತು ನೋಡಾಯಿತು, ಎಲ್ಲ ಸರಿಯಾಗಿದೆ ಎಂದು ಹೇಳಿ ಸಾಗಹಾಕಿದೆ.

"ರೀ, ಇಲ್ಲಿಟ್ಟಿದ್ದ ಬಟ್ಟಲು ಬರಿದಾಗ್ಬುಟ್ಟದಲ್ಲ?"

"ಯಾವ ಬಟ್ಟಲು?" ಎಂದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಮರುದಿನ ಬೆಳಿಗ್ಗೆ ಪೇಟ ಸುತ್ತಿದ ದಿಲೀಪ ನನ್ನ ಪಕ್ಕದಲ್ಲಿ. ಹಿಂದೆ ಬಸ್ಸಿನಲ್ಲಿ ಹೆಂಡತಿ, ನೆಂಟರು, ರಾಜಣ್ಣ. ತೆರಕಣಾಂಬಿಯ ಹತ್ತಿರ ಕುರಿಮಂದೆ ಅಡ್ಡ ಬಂತು. ಬ್ರೇಕ್ ತುಳಿದೆ. ಪೆಡಲು ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ನುಣ್ಣಗೆ ಜಾರುತ್ತ ಹೋಯಿತು! ಗೇರು ಇಳಿಸಿ, ಕುರಿಗಳ ಪುಣ್ಯದಿಂದ ಪಾರಾದೆವು.

"ಭಾವ, ಬ್ರೇಕ್ ಸರ್ಯಾಗಿ ಅದಾ?"

"ಹೊಸ ಶೂ ಕಣೋ, ಪಳಗಬೇಕು!"

ಅಲ್ಲೇ ನಿಲ್ಲಿಸಬೇಕಿತ್ತು, ನಿಜ. ನಿಲ್ಲಿಸಿದರೆ ಬಸ್ಸಿನಿಂದ ರಾಜಣ್ಣ ಇಳಿಯುತ್ತಾನೆ, "ನಾ ಹೇಳ್ನಿಲ್ವಾ ಸಾ?" ಅನ್ನುತ್ತಾನೆ. ಅದೊಂದು ಬೇಡ ಅಂತ ಹೊರಟೆ.

ಗುಂಡ್ಲುಪೇಟೆಗೆ ಮೊದಲೇ, ಇಳಿಜಾರಿನಲ್ಲಿ ಹೆಣ್ಣಿನ ತಂದೆ ಚಿಕ್ಕಬಸವಯ್ಯನವರ ತೋಟದ ಮನೆ. ಚಪ್ಪರ, ವಾಲಗ, ಆರತಿ ತಟ್ಟೆ ಹಿಡಿದ ಹೆಂಗಸರು! ನೂರು ಗಜ ದೂರದಿಂದಲೇ ಬ್ರೇಕ್ ತುಳಿದೆ. ಇಲ್ಲ! ಗೇರು ಇಳಿಸಿದೆ, ಎದ್ದು ನಿಂತು ತುಳಿದೆ. ಇಲ್ಲ! ದಿಲೀಪ ಹ್ಯಾಂಡ್ ಬ್ರೇಕ್ ಎಳೆದ. ಅದು ಹಿಡಿಯುವುದೂ ಅದೇ ಶೂಗಳನ್ನೇ! ಆರತಿಯವರು ದಿಕ್ಕಾಪಾಲಾದರು. ಚಪ್ಪರದ ಮುಂದೆ ಹಾದುಹೋಗುವಾಗ ದಿಲೀಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಪಾಪ, ಸಂಸ್ಕಾರವಂತ!

"ಗಂಡು ಓಡೋಯ್ತಾವ್ನೆ! ಹಿಡೀರ್ಲಾ!"

ವಾಲಗದವರೂ ಸೇರಿ ಇಡೀ ಚಪ್ಪರವೇ ನಮ್ಮ ಹಿಂದೆ! ಮುಂದೆ ಯಾರೋ, ಬಸ್ಸು ಲಾರಿ ತುಳಿದು ಒಕ್ಕಣೆಯಾಗಲಿ ಎಂದು ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು. ಅದರೊಳಗೆ ನುಗ್ಗಿದ ಕಾರು ಚಕ್ರಕ್ಕೆಲ್ಲ ಬಳ್ಳಿ ಸುತ್ತಿಕೊಂಡು ಉಸ್ಸೆಂದು ನಿಂತಿತು. ಹುರುಳಿ ಕಾಯುತ್ತಿದ್ದ ಮೂಗಮ್ಮ ಎಂಬ ಮುದುಕಿಗೆ ಬೇಸರವಾಯಿತು.

"ಯಾಕಪ್ಪ ನಿಂತ್ಕಬುಟ್ಟೆ? ಇನ್ನೆರಡು ಸುತ್ತು ಓಡ್ಸು, ಕಾಯೆಲ್ಲ ಉದುರ್ಲಿ!"

ಅಷ್ಟರಲ್ಲಿ ಚಿಕ್ಕಬಸವಯ್ಯ ಏದುಸಿರು ಬಿಡುತ್ತ ಬಂದರು. ಕಣ್ಣಲ್ಲಿ ನೀರು. "ಒಪ್ಗೆ ಇಲ್ದಿದ್ರೆ ಮೊದ್ಲೇ ಹೇಳ್ಬೇಕಾಗಿತ್ತು ಕಣಪ್ಪ! ನನ್ ಮಗಳ ಮಾನ ಬೀದೀಲಿ ಕಳೆದ್ಬುಟ್ರಲ್ಲ!"

"ಇಲ್ಲ ಮಾವ, ಬ್ರೇಕು..." ಎನ್ನುತ್ತ ದಿಲೀಪ ಕಾರಿನಿಂದ ಇಳಿದ.

"ಬ್ರೇಕ್ ಇಲ್ದೆ ಯಾವನಾರ ಮದುಮಗನ್ನ ಕೂರುಸ್ಕ ಬಂದಾನಾ? ಕತೆ ಕಟ್ಬ್ಯಾಡಿ! ಈ ಮದ್ವೆ ಬ್ಯಾಡ, ನಡೀರಿ!"

ಬಸ್ಸು ಬಂತು. "ಚಕ್ರ ಬಿಚ್ಲಾ ಸಾ?" ಎಂದ ರಾಜಣ್ಣ.

"ಬಿಚ್ಚು! ಎಲ್ಲರೂ ನೋಡಲಿ! ಮಾಡೆಲ್ ಬೇರೆ, ಶೂ ಹೊಂದಿಲ್ಲ, ಅಷ್ಟೆ!" ಎಂದೆ. ಒಂದೇ ದಿನದಲ್ಲಿ ನನ್ನ ಸಿದ್ಧಾಂತ ತಲೆಕೆಳಗಾಗಿತ್ತು.

ರಾಜಣ್ಣ ಬಿಚ್ಚಿದ. ಬೆರಳಿಟ್ಟ. ಮೂಸಿದ. "ಶೂ ಅಚ್ಚುಕಟ್ಟಾಗಿ ಕೂತದೆ ಸಾ, ಮಾಡ್ಲುದೇನೂ ತಪ್ಪಿಲ್ಲ. ಅಲ್ಲ, ಇದ್ಯಾಕೆ ಹರಳೆಣ್ಣೆ ವಾಸ್ನೆ?"

ಪುಟ್ಟಮಲ್ಲಮ್ಮ ಬಗ್ಗಿ ನೋಡಿ ಕಿರುಚಿದಳು. "ಅಯ್ಯೋ, ನನ್ ಅರಿಶಿನ! ಹರಳೆಣ್ಣೆ ಹುಯ್ದು ಕಲಸಿಟ್ಟಿದ್ದೆ ಕಣ್ರೀ!"

ಎಲ್ಲರ ಕಣ್ಣೂ ನನ್ನ ಮೇಲೆ. ಬಾಯಿ ಮುಚ್ಚಿಕೊಂಡರೆ ನನ್ನ ಮಾನ ಉಳಿಯುತ್ತದೆ, ಹುಡುಗನ ಮದುವೆ ಹೋಗುತ್ತದೆ. ಎಷ್ಟು ತಿಕ್ಕಿ ತೊಳೆದರೂ ಬಣ್ಣ ಹೋಗದಿದ್ದ ಎರಡೂ ಅಂಗೈ ಮುಂದೆ ಚಾಚಿದೆ. "ಬಳಿದವನು ನಾನೇ ಸ್ವಾಮಿ. ಎಣ್ಣೆ ಇದೆ ಅಂತ ಗೊತ್ತಿರಲಿಲ್ಲ. ಹುಡುಗನ ತಪ್ಪೇನೂ ಇಲ್ಲ."

ಚಿಕ್ಕಬಸವಯ್ಯ ನನ್ನ ಅಂಗೈ ನೋಡಿದರು, ಡ್ರಮ್ ನೋಡಿದರು, ಕಣ್ಣೊರೆಸಿಕೊಳ್ಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಡಿಯಪ್ಪ ಅಳಿಯ, ಮೂರ್ತ ಮೀರ್ತದೆ. ನಡ್ಕಂಡೇ ಬಾ!"

ತಾಳಿ ಕಟ್ಟಿದ ಮೇಲೆ ಧೈರ್ಯ ಬಂತು. ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ. "ಏನೇ ಅನ್ನು, ಎರಡೂ ಒಂದೇ ಅಂತ ನಾನು ಹೇಳಿದ್ದು ನಿಜವಾಯ್ತಲ್ಲ?"

"ನಿಜವೇ," ಎಂದಳು ಅಕ್ಷತೆ ಹಾಕುತ್ತ. "ಅದ್ರ ಸೀಟಲ್ಲೂ ಅರಿಶಿನ, ಇದ್ರ ಚಕ್ರದಲ್ಲೂ ಅರಿಶಿನ. ನಾಳೆ ಇದನ್ನೂ ಚಂದಕವಾಡಿಗಂಟ ತಳ್ಕಂಡೋಗಿ, ಅದ್ರ ಪಕ್ಕಕ್ಕೇ ನಿಲ್ಸ್‌ಬುಟ್ಟು ಬನ್ನಿ!"