ಗೋಧಿ ಮುಟ್ಟದ ರೊಟ್ಟಿ

ಬಕೀಸಿಯೊ ಔಷಧಿ ಅಂಗಡಿಗೆ ಹೋಗಿ ಇಸಬ್ಗೋಲು ಕೇಳಿದ್ದೇ ತಪ್ಪಾಯಿತು. ಕೇಳಿದ್ದೇನೋ ಮೆತ್ತಗೇ ಕೇಳಿದ್ದ. ಆದರೆ ಅಂಗಡಿಯ ಹೆಂಗಸು, ಹೋದ ವಾರ ತಾನೆ ದೊಡ್ಡ ಪೊಟ್ಟಣ ಒಯ್ದಿದ್ದೆಯಲ್ಲ, ಅಷ್ಟೂ ಮುಗಿಯಿತೇ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ವಿಚಾರಿಸಿದಳು. ಕಲ್ಲುಮೆಟ್ಟಿಲ ಬೀದಿ ಹತ್ತಿ ಅವನು ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಸೇರಿತ್ತು. ಒಬ್ಬರು ಬೆಚ್ಚಗಿನ ನೀರಿಗೆ ಆಲಿವ್ ಎಣ್ಣೆ ಹಾಕಿಕೊಂಡು ಕುಡಿ ಎಂದರು. ಇನ್ನೊಬ್ಬರು ಅವನ ಹೊಟ್ಟೆಯ ಕಡೆ ನೋಡಿ ತಲೆ ಆಡಿಸಿದರು.

ಪಾಪ, ಬಕೀಸಿಯೊನ ಹೊಟ್ಟೆಗೆ ಯಾವ ತೊಂದರೆಯೂ ಇರಲಿಲ್ಲ. ಇಸಬ್ಗೋಲು ಬೇಕಾಗಿದ್ದದ್ದು ಹಿಟ್ಟಿಗೆ. ಗೋಧಿಯಿಲ್ಲದ ಹಿಟ್ಟಿಗೆ ಅಂಟಿಲ್ಲ, ಅಂಟಿಲ್ಲದ ಹಿಟ್ಟು ಉಬ್ಬುವುದಿಲ್ಲ. ಇಸಬ್ಗೋಲನ್ನು ನೀರಲ್ಲಿ ನೆನೆಸಿ ಕಲಸಿದರೆ ಅಕ್ಕಿಹಿಟ್ಟು, ಮೆಕ್ಕೆಜೋಳದ ಹಿಟ್ಟು, ಬೇಯಿಸಿ ಹಿಸುಕಿದ ಆಲೂಗಡ್ಡೆ ಮೂರೂ ಒಂದನ್ನೊಂದು ಹಿಡಿದುಕೊಂಡು ಹೇಗೋ ರೊಟ್ಟಿಯ ಆಕಾರಕ್ಕೆ ಬರುತ್ತವೆ. ಇದನ್ನು ಬೀದಿಗೆ ವಿವರಿಸಬೇಕಾದರೆ ರಿಮೇದಿಯಾಳ ವಿಷಯ ಹೇಳಬೇಕು. ಅದನ್ನು ಹೇಳಲು ಅವನಿಗೆ ಐವತ್ತು ವರ್ಷದಿಂದ ಬಾಯಿ ಬಂದಿರಲಿಲ್ಲ. ಮಲಬದ್ಧತೆಯೆಂದೇ ತಿಳಿದುಕೊಳ್ಳಲಿ ಎಂದು ಸುಮ್ಮನಾದ.

ರಿಮೇದಿಯಾ ಅದೇ ಬೀದಿಯ ಕೊನೆಯ ಮನೆಯ ಹುಡುಗಿ. ಆಗ ಇಟಲಿಯ ಸಾರ್ಡೀನಿಯ ದ್ವೀಪದ ಆ ಗುಡ್ಡದೂರಿನಲ್ಲಿ ರೊಟ್ಟಿ ಸುಡುವ ದೊಡ್ಡ ಒಲೆ ಇದ್ದದ್ದು ಕೆಲವೇ ಹಿತ್ತಲುಗಳಲ್ಲಿ. ಬಕೀಸಿಯೊನ ಅವ್ವ ಒಲೆ ಹೊತ್ತಿಸಿದ ದಿನ ಬೀದಿಯ ಹೆಂಗಸರೆಲ್ಲ ತಂತಮ್ಮ ಹಿಟ್ಟು ಹೊತ್ತು ಬರುತ್ತಿದ್ದರು. ಮಕ್ಕಳು ಚಳಿಗೆ ಗೋಡೆಗಂಟಿಕೊಂಡು ಕಾಯುತ್ತಿದ್ದರು. ಹಿತ್ತಲ ತುಂಬ ಹೊಗೆ, ಹೊಗೆಯೊಳಗೆ ಹಾಡು, ಹಾಡಿನೊಳಗೆ ಯಾರದೋ ಮನೆಯ ಜಗಳ. ಆಲೂಗಡ್ಡೆ ಹಾಕಿ ಕಲಸಿದ ದುಂಡನೆಯ ಉಬ್ಬುರೊಟ್ಟಿ ಹೊರಗೆ ಬಂದರೆ ಅದರ ವಾಸನೆಗೆ ದೊಡ್ಡವರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ಬಕೀಸಿಯೊ ಒಲೆಯ ಹಿಂದೆ ನಿಂತು ರಿಮೇದಿಯಾಳನ್ನು ನೋಡುತ್ತಿದ್ದ. ನೋಡುವುದಷ್ಟೇ, ಒಂದು ಮಾತಿಲ್ಲ. ಹದಿನಾಲ್ಕನೆಯ ವರ್ಷಕ್ಕೆ ಅವಳ ಅಪ್ಪನಿಗೆ ಸಮುದ್ರದಾಚೆಯ ಟೊರಿನೊದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರ ಸಾಮಾನಿನ ಲಾರಿ ಬಂದರಿನ ದಾರಿ ಹಿಡಿದಾಗಲೂ ಅವನು ಒಲೆಯ ಹಿಂದೆಯೇ ಇದ್ದ. ಆಮೇಲೆ ಬದುಕಿಡೀ ಊರಿಂದ ಬಂದರಿಗೆ, ಬಂದರಿನಿಂದ ಊರಿಗೆ ಬಸ್ಸು ಓಡಿಸಿದ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಬಸ್ಸಿನ ಮೇಲೆ ಹಾಕುತ್ತಿದ್ದ.

ಹೊಸ ವರ್ಷದ ದಿನ ಇದ್ದಕ್ಕಿದ್ದಂತೆ ಫೋನು ಬಂತು. ರಿಮೇದಿಯಾ! ಗಂಡ ತೀರಿಹೋಗಿದ್ದ, ನರ್ಸ್ ಕೆಲಸದಿಂದ ನಿವೃತ್ತಿಯೂ ಆಗಿತ್ತು. ಬೇಸಿಗೆಯನ್ನು ಹುಟ್ಟೂರಲ್ಲಿ ಕಳೆಯಲು ಒಂದು ಕೋಣೆ ನೋಡುತ್ತಿದ್ದಾಳಂತೆ. ಆದರೆ ಅವಳ ಊಟ ಸಲೀಸಲ್ಲ. ಗೋಧಿ ಕರುಳಿಗೆ ವಿಷ, ಒಂದು ಚಿಟಿಕೆ ಸೋಕಿದರೂ ವಾರ ಹಾಸಿಗೆ. ಜೊತೆಗೆ ಸಕ್ಕರೆ ಕಾಯಿಲೆ. ತಟ್ಟೆಯಲ್ಲಿ ಪಿಷ್ಟ ಎಷ್ಟಿದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಚುಚ್ಚಿಕೊಂಡು, ಆಮೇಲೆ ತುತ್ತು. ಹೆಚ್ಚು ಕಡಿಮೆ ಆಗುವ ಹಾಗಿಲ್ಲ.

"ನಂಬಿ ಊಟ ಮಾಡೋ ಅಂಥ ಒಂದು ಅಡುಗೆಮನೆ ಸಿಕ್ಕಿದ್ರೆ ಸಾಕು ಬಕೀಸಿಯೊ, ಬೇಸಿಗೆ ಪೂರ್ತಿ ಅಲ್ಲೇ ಇದ್ದುಬಿಡ್ತೀನಿ," ಎಂದಳು. ಫೋನು ಇಡುವ ಮುಂಚೆ ಕೇಳಿದಳು: "ನಿಮ್ಮ ಹಿತ್ತಲ ಒಲೆ ಇನ್ನೂ ಇದೆಯಾ? ಅದರ ರುಚಿ ಇನ್ನೂ ನಾಲಗೆ ಮೇಲಿದೆ ಕಣೋ."

ಅಷ್ಟು ಸಾಕಾಯಿತು. ಅಲ್ಲಿಯವರೆಗೆ ಮೊಟ್ಟೆ ಬೇಯಿಸುವುದನ್ನೂ ಸರಿಯಾಗಿ ಕಲಿಯದ ಮನುಷ್ಯ ಮಹಡಿಯ ಕೋಣೆಗೆ ಸುಣ್ಣ ಬಳಿಸಿದ, ಮನೆಯಲ್ಲಿದ್ದ ಗೋಧಿಹಿಟ್ಟು, ಪಾಸ್ತಾ ಎಲ್ಲ ಹಂಚಿಬಿಟ್ಟ, ಒಲೆಯನ್ನು ಕೆರೆದು ತೊಳೆದು ಹೊಸ ಇಟ್ಟಿಗೆ ಹಾಸಿದ. ಚಳಿಗಾಲವಿಡೀ ರೊಟ್ಟಿ ಸುಟ್ಟ. ಮೊದಲ ರೊಟ್ಟಿಯನ್ನು ಕೋಳಿಗಳು ಕುಕ್ಕಿ ನೋಡಿ ಕೊಕ್ಕು ಒರೆಸಿಕೊಂಡು ಹೋದವು. ಮಾರ್ಚಿನ ಹೊತ್ತಿಗೆ ರೊಟ್ಟಿ ಉಬ್ಬತೊಡಗಿತು. ಹಿಟ್ಟು ತೂಗಿ, ಆಲೂಗಡ್ಡೆ ತೂಗಿ, ರೊಟ್ಟಿಯ ಒಂದು ತುಂಡಿಗೆ ನಲವತ್ತು ಗ್ರಾಂ ಪಿಷ್ಟ ಎಂದು ಬಾಯಿಪಾಠವೂ ಆಯಿತು. ಇವತ್ತು ಮಧ್ಯಾಹ್ನದ ಬಸ್ಸಿಗೆ ರಿಮೇದಿಯಾ ಕೋಣೆ ನೋಡಲು ಬರುವವಳಿದ್ದಳು.

ಹಿಟ್ಟು ಕಲಸಿ ಬಟ್ಟೆ ಮುಚ್ಚುವ ಹೊತ್ತಿಗೆ ಎದುರು ಮನೆಯ ಮಿಮ್ಮಿಯಕ್ಕ ಒಣಗಿಸಿದ ಪ್ಲಮ್ ಹಣ್ಣು ತುಂಬಿದ ಬಟ್ಟಲು ಹಿಡಿದು ಬಂದಳು. ಎಪ್ಪತ್ತೈದು ದಾಟಿದ ಹೆಂಗಸು, ಬೀದಿಯ ಅರ್ಧ ಜನರನ್ನು ಎತ್ತಿ ಆಡಿಸಿದವಳು. ರಾತ್ರಿ ನೆನೆಸಿ ಬೆಳಿಗ್ಗೆ ತಿಂದರೆ ಸಲೀಸಾಗುತ್ತದೆ ಎಂದಳು. ಅಷ್ಟರಲ್ಲಿ ಹಿಟ್ಟು ಕಣ್ಣಿಗೆ ಬಿತ್ತು. ಕಲಸಿದ ಹಿಟ್ಟು ಕಂಡ ಮೇಲೆ ಹರಸದೆ ಹೋಗುವ ಹೆಂಗಸು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಬಕೀಸಿಯೊ ಬೇಡ ಎನ್ನುವುದರೊಳಗೆ ಬಟ್ಟೆ ಸರಿಸಿ, ದೇವರು ಹೆಚ್ಚಿಸಲಿ ಎಂದು ಅಂಗೈಯಿಂದ ಹಿಟ್ಟಿನ ಮೇಲೆ ಶಿಲುಬೆ ಎಳೆದೇಬಿಟ್ಟಳು. ಅವಳು ತನ್ನ ಮನೆಯಲ್ಲಿ ಪಾಸ್ತಾ ನಾದುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಬೆರಳಿನಿಂದ ಮೊಣಕೈವರೆಗೆ ಗೋಧಿ.

ಬಕೀಸಿಯೊ ಪಾತ್ರೆ ಎತ್ತಿಕೊಂಡು ಹೋಗಿ ಅಷ್ಟನ್ನೂ ಕೋಳಿಗಳ ಮುಂದೆ ಸುರಿದ. ಮಿಮ್ಮಿಯಕ್ಕನ ಮುಖ ಸಣ್ಣದಾಯಿತು. ಅವನ ಅವ್ವನಿಗೆ ರೊಟ್ಟಿ ತಟ್ಟಲು ಜೊತೆಯಾದ ಕೈ ಅದು.

"ನನ್ನ ಕೈ ಸೋಕಿದ್ದಕ್ಕೆ ಕೋಳಿಗೆ ಹಾಕ್ದೆಯಲ್ಲಪ್ಪಾ," ಎಂದು ಬಟ್ಟಲನ್ನು ಅಲ್ಲೇ ಇಟ್ಟು ಹೋದಳು.

ಅವಳನ್ನು ಸಮಾಧಾನ ಮಾಡಬೇಕಿತ್ತು. ಆದರೆ ಹಿಂದೆ ಓಡಲು ಹೊತ್ತಿರಲಿಲ್ಲ. ಉಳಿದಿದ್ದ ಹಿಟ್ಟು ಇನ್ನೊಂದೇ ರೊಟ್ಟಿಗೆ. ಮೇಜು ತೊಳೆದ, ಪಾತ್ರೆ ತೊಳೆದ, ಮತ್ತೆ ಕಲಸಿದ. ಆಮೇಲೆ ಆ ಬೀದಿಯಲ್ಲಿ ಯಾರೂ ಹಗಲು ಹೊತ್ತು ಮಾಡದ ಕೆಲಸ ಮಾಡಿದ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ.

ಬಾಗಿಲು ಹಾಕಿದರೇನು, ಹಿತ್ತಲ ಗೋಡೆ ಇತ್ತಲ್ಲ. ಒಲೆಗೆ ರೊಟ್ಟಿ ಹಾಕುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಗೊನಾರಿಯೊ ಗೋಡೆ ಹಾರಿದ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಟ್ಟಿಗೆ ಮೂಗು ಸುರಿಸಿಕೊಂಡು ಬೆಳೆದವರು. ಗೊನಾರಿಯೊಗೆ ಸೊಗಸಾದ ಮೀಸೆಯಿತ್ತು, ಕೆಲಸವೆಂಬುದು ಇರಲಿಲ್ಲ. ಅವನ ಮನೆಯ ಒಲೆ ಅವನ ಅವ್ವ ತೀರಿಕೊಂಡ ಮೇಲೆ ಹೊತ್ತಿದ್ದೇ ಇಲ್ಲ. ಹೊತ್ತಿಗೊಂದು ಮನೆಯಲ್ಲಿ ಉಂಡು ಆರಾಮಾಗಿದ್ದ. ಈಗಲೂ ಕೈಯಲ್ಲಿ ಯಾರೋ ಕೊಟ್ಟ ರೊಟ್ಟಿಯ ಚೂರು ಹಿಡಿದುಕೊಂಡು, ತಿನ್ನೋಕೆ ಏನಿದೆಯೋ ಎಂದು ಬಂದ.

ಬಕೀಸಿಯೊ ಆ ಚೂರನ್ನು ಕಸಿದು ಗೋಡೆಯಾಚೆ ಎಸೆದ. ಸೋಪು ಹಚ್ಚಿಸಿ ಎರಡು ಸಲ ಕೈ ತೊಳೆಸಿದ. ಬೈದರೆ ಇವನು ಹೋಗುವವನಲ್ಲ, ಬಿಟ್ಟರೆ ಅಡುಗೆಮನೆಗೆ ನುಗ್ಗುತ್ತಾನೆ. ನಾಲ್ಕು ಆಲೂಗಡ್ಡೆಯನ್ನು ಒಲೆಯ ಬಾಯಿಂದ ಎಳೆದ ಬಿಸಿ ಬೂದಿಯೊಳಗೆ ಹುಗಿದು, ಪಕ್ಕದಲ್ಲೊಂದು ಮಣೆ ಹಾಕಿದ.

"ಇಲ್ಲೇ ಕೂತು ಇದನ್ನ ಕಾಯಿ. ನಾನು ಕರೆಯೋವರೆಗೂ ಅಲ್ಲಾಡಬೇಡ," ಎಂದ.

ಬದುಕಿನಲ್ಲಿ ಗೊನಾರಿಯೊ ಪಾಲಿಸಿದ ಅಪ್ಪಣೆ ಅದೊಂದೇ ಇರಬೇಕು. ಕೂತವನು ಗೋಡೆಗೊರಗಿ ನಿದ್ದೆಹೋದ.

ಇತ್ತ ಬೀದಿಯಲ್ಲಿ ಲೆಕ್ಕಾಚಾರ ಶುರುವಾಗಿತ್ತು. ಒಂದು ವಾರಕ್ಕೆ ದೊಡ್ಡ ಪೊಟ್ಟಣ ಇಸಬ್ಗೋಲು. ಬೆಳ್ಳಂಬೆಳಿಗ್ಗೆ ಕೋಳಿಗಳ ಮುಂದೆ ಹುಚ್ಚಾಟ. ಈಗ ಬಾಗಿಲು ಬೇರೆ ಹಾಕಿದೆ. ಮಿಮ್ಮಿಯಕ್ಕ ಮುನಿಸು ಮರೆತು ಬಂದು ಬಾಗಿಲಿಗೆ ಕಿವಿ ಕೊಟ್ಟಳು. ಬಕೀಸಿಯೊ ಆಗ ಮೊರದಗಲದ ರೊಟ್ಟಿಯನ್ನು ಒಲೆಯಿಂದ ತಂದು ಉಸ್ಸಪ್ಪಾ ಎಂದು ಮೇಜಿನ ಮೇಲಿಡುತ್ತಿದ್ದ. ಆ ನರಳಾಟ ಕೇಳಿದ್ದೇ ಮುದುಕಿ, ಹುಡುಗ ಕಕ್ಕಸಿನಲ್ಲಿ ಬಿದ್ದುಬಿಟ್ಟಿದ್ದಾನೆ ಎಂದು ಕೂಗಿದಳು. ಅರವತ್ತನಾಲ್ಕು ಅವಳ ಲೆಕ್ಕದಲ್ಲಿ ಹುಡುಗನೇ. ಮಾಂಸದಂಗಡಿಯವನು ಓಡಿಬಂದು ಭುಜ ಕೊಟ್ಟು ಗುದ್ದಿದ. ಅಜ್ಜನ ಕಾಲದ ಬಾಗಿಲು ಚಿಲಕದ ಸಮೇತ ಒಳಗೆ ಮಲಗಿತು. ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತು ನೋಡಿದರೆ ಬಕೀಸಿಯೊ ಮೈಯೆಲ್ಲ ಹಿಟ್ಟು ಮಾಡಿಕೊಂಡು ಎರಡೂ ಕೈ ಅಡ್ಡ ಚಾಚಿ ರೊಟ್ಟಿ ಕಾಯುತ್ತಿದ್ದ.

ಆಗ ವಿಧಿಯಿಲ್ಲದೆ ಎಲ್ಲ ಹೇಳಿದ. ರಿಮೇದಿಯಾ ಬರುವುದು, ಗೋಧಿ ಆಗದಿರುವುದು, ಮಹಡಿಯ ಸುಣ್ಣ. ಒಳಗೆ ಯಾರೂ ಕಾಲಿಡಬೇಡಿ ಎಂದು ಕೈಮುಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಸರಿದರು. ಮಿಮ್ಮಿಯಕ್ಕನಿಗೆ ಬಾಗಿಲಿನ ಗದ್ದಲದಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಗಡಿಯಾರ ನೋಡಿದರೆ ಬಸ್ಸಿನ ಹೊತ್ತು. ಅವನು ಅಂಗಿ ಬದಲಿಸಿ, ಬಾಗಿಲಿಲ್ಲದ ಮನೆಯನ್ನು ದೇವರ ಮೇಲೆ ಬಿಟ್ಟು ಓಡಿದ.

ರಿಮೇದಿಯಾ ಬಸ್ಸಿಂದ ಇಳಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಗು ಮಾತ್ರ ಹೊಗೆಯ ಹಿತ್ತಲಿನದೇ. ಅವಳ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಬಕೀಸಿಯೊಗೆ ಎದುಸಿರು ಬಂದದ್ದು ಹತ್ತಿದ್ದಕ್ಕೋ ಮತ್ತೊಂದಕ್ಕೋ ಗೊತ್ತಾಗಲಿಲ್ಲ. ಮನೆಗೆ ಬಾಗಿಲೇ ಇಲ್ಲವಲ್ಲ ಎಂದಳು. ಗಾಳಿ ಚೆನ್ನಾಗಿ ಬರುತ್ತದೆ ಎಂದ. ಒಲೆ ಕೆರೆದದ್ದು, ಗೋಧಿ ಹಂಚಿದ್ದು ಎಲ್ಲ ಕೇಳಿ ಅವಳ ಕಣ್ಣು ಮೆತ್ತಗಾಯಿತು. ತನಗಾಗಿ ಇಷ್ಟೆಲ್ಲ ಯಾರೂ ಮಾಡಿಲ್ಲ ಎಂದಳು. ಒಂದು ತುಂಡಿಗೆ ಎಷ್ಟು ಪಿಷ್ಟ ಎಂದು ಕೇಳಿದಾಗ ಅವನು ಶಾಲೆಯ ಹುಡುಗನಂತೆ ಎದ್ದು ನಿಂತು ನಲವತ್ತು ಎಂದ. ಅವಳು ಚೀಲದಿಂದ ಪೆನ್ನಿನಂಥ ಸೂಜಿ ತೆಗೆದು ಹೊಟ್ಟೆಗೆ ಚುಚ್ಚಿಕೊಂಡಳು. ಹತ್ತು ನಿಮಿಷ ಬಿಟ್ಟು ತಿನ್ನಬೇಕು. ಆ ಹತ್ತು ನಿಮಿಷ ಅವನ ಬದುಕಿನ ಒಳ್ಳೆಯ ಹೊತ್ತು. ರೊಟ್ಟಿಯ ಮೇಲಿನ ಬಟ್ಟೆ ತೆಗೆದ.

"ಅಯ್ಯೋ, ಮೇಲೆ ಹಿಟ್ಟು ಬೇರೆ ಉದುರಿಸಿದೀಯ. ಥೇಟ್ ಆಗಿನ ಹಾಗೇ," ಎಂದಳು ರಿಮೇದಿಯಾ.

ಬಕೀಸಿಯೊ ಹಿಟ್ಟು ಉದುರಿಸಿರಲಿಲ್ಲ.

ಬಾಗಿಲಿನ ಜಾಗದಲ್ಲಿ ಬೀದಿಯವರ ಮುಂದೆ ಮಿಮ್ಮಿಯಕ್ಕ ನಿಂತಿದ್ದಳು. ಮುಖದಲ್ಲಿ ಸಂತೋಷ ತುಳುಕುತ್ತಿತ್ತು. "ನಾನೇ ಕಣಪ್ಪಾ. ರೊಟ್ಟಿ ಬೋಳುಬೋಳಾಗಿ ಕಾಣ್ತಿತ್ತು, ದೂರದಿಂದ ಬರೋ ಹುಡುಗಿ ಏನಂದುಕೊಂಡಾಳು ಅಂತ. ಬೆಳಿಗ್ಗೆ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆನಲ್ಲ, ಅದಕ್ಕೆ ನಮ್ಮನೆ ಒಳ್ಳೇ ಗೋಧಿಹಿಟ್ಟೇ ತಂದು ಉದುರಿಸ್ದೆ."

ಬಕೀಸಿಯೊಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೂಜಿ ಚುಚ್ಚಿಯಾಗಿದೆ, ಅಷ್ಟು ಪಿಷ್ಟ ಈಗ ಹೊಟ್ಟೆಗೆ ಬೀಳಲೇಬೇಕು, ಮನೆಯಲ್ಲಿ ಬೇಯಿಸಿಟ್ಟದ್ದು, ಗೋಧಿ ಸೋಕದ್ದು ಇನ್ನೊಂದು ಹಿಡಿಯೂ ಇಲ್ಲ. ರಿಮೇದಿಯಾ ಗಾಬರಿಯಾಗಲಿಲ್ಲ, ಇಂಥವು ಎಷ್ಟೋ ಕಂಡವಳು. ತಟ್ಟೆಯನ್ನು ದೂರ ಸರಿಸಿ, ಬಿಡು, ಚೀಲದಲ್ಲಿ ಸಕ್ಕರೆ ಬಿಲ್ಲೆ ಇದೆ, ಅದೇ ಊಟ ಎಂದಳು. ಆ ಸಮಾಧಾನದ ದನಿಯೇ ಅವನನ್ನು ಹೆಚ್ಚು ನೋಯಿಸಿತು.

ಆಗ ಹಿತ್ತಲ ಬಾಗಿಲಲ್ಲಿ ಗೊನಾರಿಯೊ ಕಣ್ಣುಜ್ಜುತ್ತ ಪ್ರತ್ಯಕ್ಷನಾದ. ಕೈ ಸುಡುತ್ತಿದ್ದ ಕಾರಣ ಆಲೂಗಡ್ಡೆಗಳನ್ನು ಆ ಕೈಯಿಂದ ಈ ಕೈಗೆ ಹಾರಿಸುತ್ತಿದ್ದ. ನೀನು ಕರೆಯಲೇ ಇಲ್ಲವಲ್ಲೋ ಎಂದು ಆಕ್ಷೇಪಿಸಿದ.

ರಿಮೇದಿಯಾ ಕುರ್ಚಿಯಿಂದ ಎದ್ದಳು. ಒಂದು ಆಲೂಗಡ್ಡೆ ತೆಗೆದುಕೊಂಡು ಮುರಿದಳು. ಸಿಪ್ಪೆ ಇದ್ದಿಲಾಗಿತ್ತು, ಒಳಗಿನ ಹಳದಿ ತಿರುಳಿನಿಂದ ಹಬೆ ಎದ್ದಿತು. ಚೀಲದಲ್ಲಿದ್ದ ಪುಟ್ಟ ತಕ್ಕಡಿಯಲ್ಲಿ ತೂಗಿದಳು. ಮೂರಕ್ಕೆ ಲೆಕ್ಕ ಸರಿಹೋಯಿತು. ಒಂದು ತುತ್ತು ತಿಂದವಳ ಕಣ್ಣಲ್ಲಿ ನೀರು ಬಂತು.

"ಇದೇ. ಇದೇ ರುಚಿ," ಎಂದಳು. "ರೊಟ್ಟಿ ನಮಗೆಲ್ಲಿ ಸಿಗ್ತಿತ್ತು, ಅದು ಮನೆಗೆ ಎಣಿಸಿ ಹೋಗ್ತಿತ್ತು. ಹೊಗೆಯೊಳಗಿಂದ ನೀನು ಬೂದಿ ಆಲೂಗಡ್ಡೆ ತಂದು ನನ್ನ ಕೈಗೆ ಇಡ್ತಿದ್ದೆ ಗೊನಾರಿಯೊ. ಪ್ರತಿ ಸಲ. ನಂಗೆ ಮರೆತೇ ಇಲ್ಲ."

ಆ ಆಲೂಗಡ್ಡೆಗಳನ್ನು ಅವ್ವನ ಕಣ್ಣು ತಪ್ಪಿಸಿ ಕದ್ದವನು ಬಕೀಸಿಯೊ. ಬೂದಿಯಲ್ಲಿ ಹುಗಿದು, ಬೆರಳು ಸುಟ್ಟುಕೊಂಡು ತೆಗೆದವನು ಅವನು. ತಾನೇ ಕೊಡಲು ನಾಚಿಕೆಯಾಗಿ, ಅವಳಿಗೆ ಕೊಡೋ ಎಂದು ಗೊನಾರಿಯೊನ ಕೈಯಲ್ಲಿ ಕಳಿಸುತ್ತಿದ್ದ, ಒಲೆಯ ಹಿಂದಿನಿಂದ ನೋಡುತ್ತಿದ್ದ. ಯಾರು ಕಳಿಸಿದ್ದೆಂದು ಆ ಮೀಸೆ ಬಾರದ ಹುಡುಗ ಹೇಳಿರುತ್ತಾನೆಂದೇ ಇಷ್ಟು ವರ್ಷ ನಂಬಿದ್ದ.

"ಆ ಆಲೂಗಡ್ಡೆ..." ಎಂದು ಬಾಯಿ ತೆರೆದ.

"ಸುಮ್ನಿರಪ್ಪಾ," ಎಂದಳು ಮಿಮ್ಮಿಯಕ್ಕ. "ನಿನ್ನ ರೊಟ್ಟಿ ತಿಂದಿದ್ರೆ ಹುಡುಗಿ ಇಷ್ಟು ಹೊತ್ತಿಗೆ ಹಾಸಿಗೆ ಹಿಡೀತಿದ್ಲು."

ಗೊನಾರಿಯೊ ಮೀಸೆ ಸವರಿಕೊಂಡು ನೆಲ ನೋಡಿದ. ರಿಮೇದಿಯಾ ಅವನ ಅಡುಗೆಮನೆ ಹೇಗಿದೆ ಎಂದು ಕೇಳಿದಳು. ಬೀದಿಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು: ಅಲ್ಲಿ ಒಲೆ ಹೊತ್ತಿ ವರ್ಷಗಳಾದವು, ಗೋಧಿ ಹುಡುಕಿದರೂ ಸಿಗದು, ಇಲಿಗಳೇ ಮನೆ ಬಿಟ್ಟು ಹೋಗಿವೆ. ಅಂಥ ಅಡುಗೆಮನೆಯನ್ನೇ ತಾನು ಇಟಲಿಯೆಲ್ಲ ಹುಡುಕಿದ್ದೆಂದು ಅವಳು ನಕ್ಕಳು. ಮೇಲೆ ಅವನ ತಂಗಿಯ ಕೋಣೆ ಖಾಲಿ ಇತ್ತು. ಜೂನ್ ತಿಂಗಳಿಗೆ ಬರುತ್ತೇನೆಂದು ಅಲ್ಲೇ ಮಾತಾಯಿತು. ಹೊರಡುವಾಗ ಬಕೀಸಿಯೊನ ಕೈ ಹಿಡಿದು, ನೀನು ಬಹಳ ಒಳ್ಳೆಯವನು, ಪಕ್ಕದ ಮನೆಯಲ್ಲೇ ಇರುತ್ತೀಯಲ್ಲ ಎಂದಳು.

ಸಂಜೆ ಬಕೀಸಿಯೊ ಹಿತ್ತಲಲ್ಲಿ ಕೂತು ತನ್ನ ರೊಟ್ಟಿಯನ್ನು ತಾನೇ ತಿಂದ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಗೋಡೆಯ ಮೇಲೆ ಮೀಸೆ ಕಾಣಿಸಿತು.

"ಲೋ ಬಕೀಸಿಯೊ," ಎಂದ ಗೊನಾರಿಯೊ, ಬಲು ಸಣ್ಣ ದನಿಯಲ್ಲಿ. "ಜೂನ್ ಒಳಗೆ ಕಲಿಯಬೇಕು. ನಾಲ್ಕು ಆಲೂಗಡ್ಡೆ ಇದ್ರೆ ಕೊಡೋ. ಬೂದಿಯಲ್ಲಿ ಎಷ್ಟು ಹೊತ್ತು ಇಡೋದು ಅಂತಾನೂ ಹೇಳಿಕೊಡು. ಆಗ್ಲೂ ನೀನೇ ತಾನೆ ಸುಡ್ತಿದ್ದಿದ್ದು."

ಬಕೀಸಿಯೊ ಅವನನ್ನು ನೋಡಿದ. ಎದ್ದು ಒಳಗೆ ಹೋಗಿ ಆಲೂಗಡ್ಡೆಯ ಚೀಲ ಬಿಚ್ಚಿದ. ದೊಡ್ಡದನ್ನು ಬಿಟ್ಟು, ಚಿಕ್ಕದನ್ನು ಬಿಟ್ಟು, ಒಂದೇ ಅಳತೆಯ ನಾಲ್ಕನ್ನು ಆರಿಸಿದ. ಸಮ ಇದ್ದರೆ ಅವಳಿಗೆ ಲೆಕ್ಕ ಸುಲಭ. ತಂದು ಗೋಡೆಯ ಮೇಲಿಟ್ಟು, "ಅವಳಿಗೆ ಕೊಡೋ," ಎಂದ.