ಗುಂಯ್ ಅನ್ನದ ಗಿಟಾರು

ಭೀಮುವಿನ ಗಿಟಾರಿಗೆ ಒಂದು ದುರಭ್ಯಾಸವಿತ್ತು. ಬಾರಿಸಿದರೂ ಬಾರಿಸದಿದ್ದರೂ ಅದು ಗುಂಯ್ ಎನ್ನುತ್ತಿತ್ತು. ವಿಮಾನಪುರದ ಆ ಹತ್ತಡಿಯ ಬಾಡಿಗೆ ರೂಮಿನಲ್ಲಿ ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದ್ದೇ ತಡ, ಎಲ್ಲೋ ಜೇನುಗೂಡಿಗೆ ಕಲ್ಲು ಬಿದ್ದಂತೆ ಶುರುವಾಗಿಬಿಡುತ್ತಿತ್ತು. ನಾಲ್ಕು ವರ್ಷದಿಂದ ಇದೇ ಪಾಡು. ವಠಾರದವರ ಕಿವಿ ಒಗ್ಗಿಹೋಗಿತ್ತು.

ಒಗ್ಗದೇ ಹೋದದ್ದು ಅಮರಪ್ಪನವರ ಕಿವಿಗೆ. ಕಾರ್ಖಾನೆ ಕ್ವಾರ್ಟರ್ಸಿನ ಕನ್ನಡ ಸಂಘಕ್ಕೆ ಅವರು ಕಾರ್ಯದರ್ಶಿ. ಭೀಮುವಿನ ಹೆಂಡತಿ ಶಾಂಭವಿ ಚೆನ್ನಾಗಿ ಹಾಡುತ್ತಾಳೆ ಎಂದು ಯಾರೋ ಹೇಳಿದ್ದರಿಂದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಗಂಡ ಹೆಂಡತಿಗೆ ಹದಿನೈದು ನಿಮಿಷ ಕೊಟ್ಟಿದ್ದರು. ಆ ಭಾನುವಾರ ಸಂಜೆಯೇ ಕಾರ್ಯಕ್ರಮ. ಬೆಳಿಗ್ಗೆ ಅಮರಪ್ಪನವರು ಬಂದು ಹೊಸ್ತಿಲಲ್ಲೇ ನಿಂತು ಅರ್ಧ ಹಾಡು ಕೇಳಿದರು.

"ಅಮ್ಮಾ, ನಿಮ್ಮ ಕಂಠ ಬಂಗಾರ. ಆದ್ರೆ ಹಿಂದೆ ಏನ್ರೀ ಅದು, ಪಕ್ಕದ್ಮನೇಲಿ ಮಿಕ್ಸಿ ಓಡ್ತಿದ್ಯಾ?"

"ಮಿಕ್ಸಿ ಅಲ್ರಿ ಸರ, ನಮ್ಮ ಗಿಟಾರ್ ರಿ," ಎಂದ ಭೀಮು.

"ಸಾಯಂಕಾಲ ದೊಡ್ಡ ಸಾಹೇಬ್ರು ಫ್ಯಾಮಿಲಿ ಸಮೇತ ಬರ್ತಾರೆ ಕಣ್ರೀ. ಈ ಮಿಕ್ಸಿ ಇದ್ರೆ ನಿಮ್ಮ ಐಟಂ ಕ್ಯಾನ್ಸಲ್. ಬೇಜಾರ್ ಮಾಡ್ಕೋಬೇಡಿ."

ಭೀಮುವಿನ ಎದೆ ಧಸಕ್ಕೆಂದಿತು. ತನ್ನ ಗಿಟಾರಿಗಾಗಿ ಅಲ್ಲ, ಅದನ್ನು ಕೇಳಬೇಕೆಂದು ಯಾರೂ ಹಟ ಹಿಡಿದಿರಲಿಲ್ಲ. ಶಾಂಭವಿ ಸ್ಟೇಜು ಹತ್ತುತ್ತಿರುವುದು ಇದೇ ಮೊದಲು. ಮೂರು ದಿನದ ಹಿಂದೆಯೇ ಇಳಕಲ್ ಸೀರೆ ತೆಗೆದು ಇಸ್ತ್ರಿ ಮಾಡಿಸಿ ಗೋಡೆಗೆ ನೇತುಹಾಕಿದ್ದಳು. ದಿನವೂ ಆಂಪ್ಲಿಫೈಯರ್ ಪೆಟ್ಟಿಗೆಗೆ ಬೆನ್ನು ಆನಿಸಿ ಕೂತು ಹಾಡುತ್ತಿದ್ದಳು. ಕೂರಲು ಬೇರೆ ಜಾಗವಿಲ್ಲವೆಂದು ಭೀಮುವಿನ ಎಣಿಕೆ. ಹಾಡಿನ ನಡುವೆ ಕರೆಂಟು ಹೋದರೆ ಅವಳೂ ನಿಲ್ಲಿಸಿ, "ಗಂಟ್ಲ ಆರೇತ್ರಿ" ಎನ್ನುತ್ತಿದ್ದಳು. ಪಾಪ, ಆರಿರಬಹುದು ಎಂದು ನೀರು ಕೊಡುತ್ತಿದ್ದ.

ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸದ ಭೀಮುವಿಗೆ ಗಿಟಾರಿನ ರೋಗ ಗೊತ್ತಿತ್ತು. ತಂತಿಯ ಕೆಳಗೆ ದನಿ ಹಿಡಿಯುವ ಪಿಕಪ್ ಒಂದಿರುತ್ತದೆ. ಇವನದು ಹಂಬಕರ್ ಎಂಬ ಜಾತಿಯದು, ಒಳಗೆ ಎರಡು ಸುರುಳಿ. ಒಂದು ಮಾಡುವ ಗುಂಯ್ ಅನ್ನು ಇನ್ನೊಂದು ನುಂಗಬೇಕು. ಒಂದು ಸುರುಳಿ ಸತ್ತಿದ್ದರಿಂದ ನುಂಗುವವರಿಲ್ಲದೆ ಇನ್ನೊಂದು ಮೆರೆಯುತ್ತಿತ್ತು. ಹಿಂದೊಮ್ಮೆ ತಾನೇ ಸುತ್ತಲು ಕೂತಿದ್ದ. ಕೂದಲಿಗಿಂತ ಸಣ್ಣ ತಂತಿ, ಹನ್ನೊಂದು ಸಲ ತುಂಡಾದ ಮೇಲೆ ಕೈಬಿಟ್ಟಿದ್ದ.

"ಶಾಂಭವಿ, ಇವತ್ತ ನಾಕನೂರು ಮಂದಿಗೆ ನಿನ್ನ ದನಿ ಒಂದ ಕೇಳಬೇಕು. ಶಿವಾಜಿನಗರಕ್ಕ ಹೋಗಿ ಈ ದರಿದ್ರ ಸಪ್ಪಳ ತಗಿಸಿಕೊಂಡ ಬರ್ತೀನಿ."

"ಅಲ್ರೀ, ಆ ಸಪ್ಪಳ..." ಎಂದು ಶಾಂಭವಿ ಬಾಯಿ ತೆರೆಯುವಷ್ಟರಲ್ಲಿ ಮನೆ ಓನರ್ ಪಿಳ್ಳಮ್ಮ ಒಳಗೆ ನುಗ್ಗಿದರು.

"ದುಡ್ಡು ಯಾಕಪ್ಪಾ ದಂಡ ಮಾಡ್ತೀಯಾ? ಅದ್ರೊಳಗೆ ಹುಳ ಸೇರ್ಕೊಂಡದೆ. ಬೇವಿನ ಹೊಗೆ ಹಾಕು, ಎದ್ದು ಓಡೋಯ್ತದೆ."

ಬೇಡ ಅನ್ನುವುದರೊಳಗೆ ಕೆಂಡದ ಬಾಂಡ್ಲಿಯೂ ಬಂತು. ಹತ್ತು ನಿಮಿಷ ಹೊಗೆ ಕುಡಿದ ಗಿಟಾರು ಮತ್ತೆ ಗುಂಯ್ ಎಂದಿತು. ಜೊತೆಗೆ ಇಡೀ ವಠಾರ ಕೆಮ್ಮಿತು. ಭೀಮು ಗಿಟಾರನ್ನು ಬಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮಂಜೂರನ ಅಂಗಡಿ, ವಾದ್ಯ ಮಾರುವುದು ಮತ್ತು ರಿಪೇರಿ. ಅಲ್ಲೊಂದು ಸ್ಟೂಲಿನ ಮೇಲೆ ಮುದಸ್ಸಿರ್ ಎಂಬ ಬ್ಯಾಂಡಿನ ಹುಡುಗ ಖಾಯಂ ಕೂತಿರುತ್ತಿದ್ದ. ಅವನು ಏನನ್ನೂ ಕೊಳ್ಳುತ್ತಿರಲಿಲ್ಲ, ಕೊಳ್ಳುವವರಿಗೆ ಸಲಹೆ ಕೊಡುತ್ತಿದ್ದ. ಮಂಜೂರ್ ಅಗ್ಗದ ಹಂಬಕರ್ ಎರಡನ್ನು ತೆಗೆದು ಮುಂದಿಟ್ಟ.

"ಕೊರಿಯಾದ್ದು ಹಾಕಿ ಭೀಮು ಭಾಯ್. ಆವಾಜ್ ಬೆಣ್ಣೆ, ಬೆಣ್ಣೆ."

"ಬೆಣ್ಣೆ ಅಂತೆ! ಗುರು, ಅದು ಕಂಬಳಿ ಹೊದ್ಕೊಂಡು ಹಾಡ್ದಂಗಿರುತ್ತೆ," ಎಂದ ಮುದಸ್ಸಿರ್. "ಚೈನಾದು ತಗೋ. ಮ್ಯಾಗ್ನೆಟ್ ಸ್ಟ್ರಾಂಗು. ಫುಲ್ ವಾಲ್ಯೂಮ್ ಕೊಟ್ರೆ ಗೋಡೆ ಬಿರುಕು ಬಿಡ್ಬೇಕು."

"ನಾವು ತತ್ವಪದ ಹಾಡೋರ್ರಿ."

"ತತ್ವಪದಕ್ಕೆ ಗೋಡೆ ಬಿರುಕು ಬಿಡಬಾರ್ದು ಅಂತ ರೂಲ್ಸ್ ಇದ್ಯಾ?"

ಮಂಜೂರನಿಗೂ ಮುದಸ್ಸಿರನಿಗೂ ಹತ್ತಿಕೊಂಡಿತು. ಪಿಕಪ್ಪಿನೊಳಗೆ ಮೇಣ ತುಂಬಿದ್ದು ಮೇಲೋ ತುಂಬದ್ದು ಮೇಲೋ, ತಗಡಿನ ಮುಚ್ಚಳ ಬೇಕೋ ಬೇಡವೋ ಎಂದು ಒಂದು ಗಂಟೆ ಕಳೆಯಿತು. ಕಡೆಗೆ ಎದುರಿನ ಇಸ್ತ್ರಿ ಗಾಡಿಯ ಅಬ್ದುಲ್ ಸಾಬರು ಬಂದು ಎರಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಭಾರ ಇರೋದು ತಗೊಳ್ಳಿ ಬೇಟಾ. ಕಲ್ಲಂಗಡಿಗೂ ಅದೇ ಲೆಕ್ಕ."

ಆ ದಿನ ಕೇಳಿದ ಮಾತುಗಳಲ್ಲಿ ಇದೊಂದೇ ಭೀಮುವಿಗೆ ಅರ್ಥವಾದದ್ದು. ಚೈನಾದ್ದು ಭಾರವಿತ್ತು. ಅದನ್ನೇ ಹಾಕಲು ಹೇಳಿದ. ಮಂಜೂರ್ ಹಳೆಯದನ್ನು ಬಿಚ್ಚಿದ, ಕರೆಂಟು ಹೋಯಿತು.

ಬೆಸುಗೆ ಹಾಕುವ ಕಡ್ಡಿ ತಣ್ಣಗಾಯಿತು. ಮೂರಾಯಿತು, ನಾಲ್ಕಾಯಿತು. ಭೀಮುವಿನ ಮುಖ ನೋಡಲಾಗದೆ ಅಬ್ದುಲ್ ಸಾಬರು ತಮ್ಮ ಇಸ್ತ್ರಿ ಪೆಟ್ಟಿಗೆಯ ಕೆಂಡ ಒಡ್ಡಿದರು. ಅದರಲ್ಲಿ ಕಬ್ಬಿಣದ ಸರಳು ಕಾಯಿಸಿ, ಮಂಜೂರ್ ಬೈಯುತ್ತ ಬೈಯುತ್ತ ಬೆಸುಗೆ ಹಾಕಿದ. ಬಿಚ್ಚಿದ ಹಳೇ ಪಿಕಪ್ಪನ್ನು ಮುದಸ್ಸಿರ್, "ಕಸ ಇದು, ನಾನೇ ಎಸೀತೀನಿ ಬಿಡು," ಎಂದು ಜೇಬಿಗೆ ಹಾಕಿಕೊಂಡ. ಹೊಸತನ್ನು ಪರೀಕ್ಷಿಸಲು ಕರೆಂಟೇ ಇರಲಿಲ್ಲ. ಭೀಮು ಸೀದಾ ಬಸ್ಸು ಹತ್ತಿದ.

ಕ್ವಾರ್ಟರ್ಸಿನ ಮೈದಾನ ಸೇರುವಾಗ ಅವರ ಹೆಸರು ಕೂಗುತ್ತಿದ್ದರು. ಶಾಂಭವಿ ಇಳಕಲ್ ಸೀರೆಯಲ್ಲಿ, ಮನೆಯಿಂದ ತರಿಸಿದ ಆಂಪ್ಲಿಫೈಯರ್ ಪೆಟ್ಟಿಗೆಗೆ ಒತ್ತಿಕೊಂಡು ನಿಂತಿದ್ದಳು. ಭೀಮು ಪ್ಲಗ್ಗು ಸಿಕ್ಕಿಸಿ, ದೇವರಿಗೆ ಕೈಮುಗಿದು ಸ್ವಿಚ್ಚು ಒತ್ತಿದ.

ಏನೂ ಇಲ್ಲ. ಒಂದು ಸೊಳ್ಳೆಯ ಸದ್ದೂ ಇಲ್ಲ! ತಂತಿ ಮೀಟಿದ, ದನಿ ತೊಳೆದಿಟ್ಟ ಹಾಗೆ ಬಂತು. ಮುಂದಿನ ಸಾಲಿನಿಂದ ಅಮರಪ್ಪನವರು ಭೇಷ್ ಎಂದು ತಲೆ ಆಡಿಸಿದರು. ಭೀಮುವಿಗೆ ಅಬ್ದುಲ್ ಸಾಬರ ಕಾಲಿಗೆ ಬೀಳಬೇಕೆನ್ನಿಸಿತು.

ಶಾಂಭವಿ ಕಣ್ಣು ಮುಚ್ಚಿ ಕಾದಳು. ಮತ್ತೂ ಕಾದಳು. ಕಡೆಗೆ ಬಾಯಿ ತೆರೆದಳು. ಮೊದಲ ಸಾಲು ಮೇಲೆ ಹೋಯಿತು, ಎರಡನೆಯದು ಇನ್ನೆಲ್ಲಿಗೋ ಹೋಯಿತು. ಭೀಮು ಗಿಟಾರಿನಲ್ಲಿ ಹಾಡಿನ ದಾರಿ ತೋರಿಸಿದ, ಅವಳು ಎರಡು ಹೆಜ್ಜೆ ಹಿಡಿದು ಮತ್ತೆ ತಪ್ಪಿದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಣ್ಣಲ್ಲಿ ನೀರು ತುಂಬಿತು. ಭೀಮು ಬಾರಿಸುವುದನ್ನು ಬಿಟ್ಟ. ಓಡಿ ಹತ್ತಿರ ಹೋದ.

"ಏನಾತು ಶಾಂಭವಿ?"

"ಅದರ ದನಿ ಎಲ್ಲಿ ಹೋತ್ರಿ?" ಎಂದು ಪಿಸುಗುಟ್ಟಿದಳು.

"ಯಾವುದರದ?"

"ಆ ಗುಂಯ್ ಅನ್ನೋದ್ರಿ. ಅದ ನನ್ನ ಶ್ರುತಿ. ಅದರ ಮ್ಯಾಲ ನಿಂತ ಹಾಡತಿದ್ದೆ. ಈಗ ಕಾಲ ಕೆಳಗ ನೆಲಾನ ಇಲ್ಲಧಂಗ ಆಗೇತಿ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಭೀಮು. ಗಾಬರಿಯಲ್ಲಿ ವಾಲ್ಯೂಮ್ ಪೂರ್ತಿ ತಿರುಗಿಸಿದ. ಎಲ್ಲಿಂದ ಬರಬೇಕು ಗುಂಯ್? ಅಬ್ದುಲ್ ಸಾಬರ ತೂಕ ಅಷ್ಟು ಪಕ್ಕಾ ಆಗಿತ್ತು. ಆಗ ಅವನಿಗೊಂದು ಹೊಳೆಯಿತು. ಗಿಟಾರಿನ ಗುಂಯ್ ಎಂದರೆ ಕರೆಂಟಿನದೇ ದನಿ. ತಾನು ದುಡಿಯುವ ಕಾರ್ಖಾನೆಯ ಅಷ್ಟೂ ಮೋಟಾರುಗಳು ದಿನವಿಡೀ ಕೂಗುವುದು ಅದೇ ದನಿಯಲ್ಲಿ. ಎಂಟು ವರ್ಷ ಅದನ್ನೇ ಕೇಳಿದ ಕಿವಿ ಅವನದು. ಗಿಟಾರನ್ನು ಕೆಳಗಿಟ್ಟು, ಅವಳ ಪಕ್ಕ ನಿಂತು, ಬಾಯಿ ಮುಚ್ಚಿ, ಮೈಕಿನಲ್ಲಿ ಗುಂಯ್ ಎಂದ.

ಶಾಂಭವಿ ಹಾಡಿದಳು. ಹದಿನೈದು ನಿಮಿಷ ಹಾಡಿದಳು. ದೊಡ್ಡ ಸಾಹೇಬರ ಹೆಂಡತಿ ಇನ್ನೊಂದು ಕೇಳಿದರು, ಅದನ್ನೂ ಹಾಡಿದಳು. ಭೀಮು ಉಸಿರು ಕದ್ದು ಕದ್ದು ಎಳೆದುಕೊಳ್ಳುತ್ತ, ಮುಖ ಟೊಮೆಟೊ ಆದರೂ ಬಿಡದೆ ಗುಂಯ್ಗುಟ್ಟಿದ. ಚಪ್ಪಾಳೆ ಮುಗಿಯುವ ಮೊದಲೇ ಅಮರಪ್ಪನವರು ಬಂದು ಕೈ ಕುಲುಕಿದರು.

"ಸೂಪರ್ ಕಣ್ರೀ! ಹಿಂದೆ ಬಾಯಲ್ಲೇ ಶ್ರುತಿ ಕೊಟ್ರಲ್ಲ, ಭಾಳಾ ಚೆನ್ನಾಗಿತ್ತು. ಮುಂದಿನ ವರ್ಷವೂ ಬನ್ನಿ. ಆ ಗಿಟಾರ್ ಮಾತ್ರ ಹೊತ್ಕೊಂಡು ಬರ್ಬೇಡಿ, ಸುಮ್ನೆ ಭಾರ."

ಮನೆಗೆ ನಡೆಯುವಾಗ ಭೀಮುವಿನ ಬಗಲಲ್ಲಿ ಹೊಸ ಹಂಬಕರಿನ ಗಿಟಾರು ಕಲ್ಲಂಗಡಿಯಷ್ಟೇ ಭಾರವಾಗಿತ್ತು. ಒಡೆದ ದನಿಯಲ್ಲಿ ಕೇಳಿದ, "ನಾಕ ವರ್ಷ ಯಾಕ ಒಂದ ಮಾತ ಹೇಳಲಿಲ್ಲ?"

"ಹೇಳೂದೇನೈತ್ರಿ ಅದರಾಗ?" ಎಂದಳು ಶಾಂಭವಿ. "ನನಗ ಹಾರ್ಮೋನಿ ಪೆಟ್ಟಿಗಿ ಕೊಡಸಾಕ ಆಗವಲ್ದಂತ, ನೀವ ಬೇಕಂತನ ಆ ದನಿ ಇಟ್ಟೀರಿ ಅಂದ್ಕೊಂಡಿದ್ದೆ."

ಭೀಮು ಏನೋ ಹೇಳಹೋದ. ಗಂಟಲು ಪೂರಾ ಕಟ್ಟಿಹೋಗಿ ಬರೀ ಗುಂಯ್ ಎಂದಷ್ಟೇ ಬಂತು. ಶಾಂಭವಿ ಅದನ್ನೇ ಹಿಡಿದು, ದಾರಿಯುದ್ದಕ್ಕೂ ಸಣ್ಣಗೆ ಹಾಡಿಕೊಂಡು ಬಂದಳು.